ರೀಮ್ಯಾಪ್ ಆಮೇಲೆ, ಮೊದಲು ಬ್ರೇಕ್: ತೊಣ್ಣೂರಲ್ಲಿ ಒಂದು ಬಲೆನೊ ಆರ್‌ಎಸ್ ಸಾಕೋದು

ತೊಣ್ಣೂರಿಂದ ಮಾತಾಡ್ತಿದ್ದೀನಿ. ಹಿಂದೆ ಸ್ವಲ್ಪ ಗಾಳಿ ಸದ್ದು ಕೇಳಿಸಿದ್ರೆ ಅದು ಕೆರೆ ಕಡೆಯಿಂದ ಬರೋ ಗಾಳಿ, ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ಸಂಚಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಸಾಲ, ಇನ್ಶೂರೆನ್ಸ್ ಬಗ್ಗೆ ಹೇಳಿದ್ದೆ. ಮಾತಿನ ಮಧ್ಯೆ ನನ್ನ ಹತ್ರ ಬಲೆನೊ ಆರ್‌ಎಸ್ ಇದೆ ಅಂದಿದ್ದಷ್ಟೇ. ಅರ್ಧ ಗಂಟೆ ಬಡ್ಡಿ ಲೆಕ್ಕ ಬಿಡಿಸಿ ಹೇಳಿದ್ರೆ ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಮೆಸೇಜೆಲ್ಲ ಒಂದೇ: "ಬ್ರೋ, ರೀಮ್ಯಾಪ್ ಮಾಡ್ಸಿದ್ದೀರಾ? ಪವರ್ ಎಷ್ಟು ಏರ್ತು?"

ಮಾಡಿಸಿಲ್ಲ. ಸದ್ಯಕ್ಕೆ ಮಾಡಿಸೋ ಯೋಚನೆನೂ ಇಲ್ಲ. ಯಾಕೆ ಅಂತ ಹೇಳ್ತೀನಿ. ಜೊತೆಗೆ ಈ ಕಾರನ್ನ ಮನೆ ಮುಂದಿನ ಹೊಂಗೆ ಮರದ ಕೆಳಗೆ ಹೇಗೆ ನೋಡ್ಕೊತೀನಿ, ಎಲ್ಲಿ ಕೈ ಹಾಕ್ತೀನಿ, ಎಲ್ಲಿ ಹಾಕಲ್ಲ ಅಂತಾನೂ ಹೇಳ್ತೀನಿ. ನಾನು ಬಿ.ಕಾಂ. ಓದಿದವನು, ಮೆಕ್ಯಾನಿಕ್ ಅಲ್ಲ. ಆದ್ರೆ ಒಂದು ಟೂಲ್ ಬಾಕ್ಸ್, ಕಾರಿನ ಜೊತೆ ಬಂದ ಪುಸ್ತಕ, ಭಾನುವಾರದ ಬೆಳಿಗ್ಗೆ, ಇಷ್ಟಿದ್ರೆ ಬಹಳ ಕೆಲಸ ಆಗುತ್ತೆ.

ಮೊದಲು ಕಾರಿನ ಪರಿಚಯ. ನಮ್ಮಲ್ಲಿ ಸಣ್ಣ ಸೈಜಿನ ಬಿರುಸು ಕಾರುಗಳು ಬಂದಿದ್ದೇ ಕಮ್ಮಿ. ಫಿಯೆಟ್ ಪಾಲಿಯೊ 1.6 ಇತ್ತು, ಪೋಲೊ ಜಿಟಿ ಬಂತು, ಅಬಾರ್ತ್ ಪುಂಟೊ ಬಂತು. ಎಲ್ಲಕ್ಕೂ ಹುಚ್ಚು ಅಭಿಮಾನಿಗಳು, ಕೊಂಡವರು ಮಾತ್ರ ಕೆಲವರೇ. ಮಾರುತಿಯವರು 2017ರ ಮಾರ್ಚ್‌ನಲ್ಲಿ ಬಲೆನೊಗೆ 998 ಸಿಸಿಯ ಮೂರು ಸಿಲಿಂಡರ್ ಟರ್ಬೋ ಪೆಟ್ರೋಲ್ ಇಂಜಿನ್ ಕೂರಿಸಿ ಆರ್‌ಎಸ್ ಅಂತ ಬಿಟ್ಟರು. ಬೂಸ್ಟರ್‌ಜೆಟ್ ಅಂತಾರೆ ಆ ಇಂಜಿನ್‌ಗೆ. 102 ಪಿಎಸ್ ಪವರ್, 150 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕಾರಿನ ತೂಕ ಸುಮಾರು 950 ಕೆ.ಜಿ. ಅಷ್ಟೇ. ತೂಕ ಕಮ್ಮಿ ಇರೋದರಿಂದ ಆ 102 ನಿಜವಾಗಿ ಅದಕ್ಕಿಂತ ಜಾಸ್ತಿ ಅನ್ನಿಸುತ್ತೆ. ಬಿಎಸ್6 ನಿಯಮ ಬರೋ ಹೊತ್ತಿಗೆ ನಿಲ್ಲಿಸಿಬಿಟ್ಟರು. ಅದೇ ಬೂಸ್ಟರ್‌ಜೆಟ್ 2023ರಲ್ಲಿ ಫ್ರಾಂಕ್ಸ್ ಕಾರಲ್ಲಿ ವಾಪಸ್ ಬಂತು. ನನ್ನದು 2018ರ ಮಾಡೆಲ್, ಮೈಸೂರಲ್ಲಿ ಒಬ್ಬರ ಹತ್ರ ತಗೊಂಡಿದ್ದು.

ಈಗ ರಸ್ತೆ ವಿಚಾರಕ್ಕೆ ಬನ್ನಿ. ಈ ಕಾರು ಓಡೋದು ರೇಸ್ ಟ್ರ್ಯಾಕ್ ಮೇಲಲ್ಲ. ಪಾಂಡವಪುರ, ಜಕ್ಕನಹಳ್ಳಿ, ಮೇಲುಕೋಟೆ, ಒಮ್ಮೊಮ್ಮೆ ಮಂಡ್ಯ. ಅಂದ್ರೆ ಒಂದಲ್ಲ ಒಂದು ಕಡೆ ನಾಲೆ ಪಕ್ಕದಲ್ಲೇ ಹೋಗಬೇಕು. ನಮ್ಮ ಕಡೆಯವರಿಗೆ ನಾಲೆ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಕೇಳುಗರಿಗೆ ಹೇಳ್ತೀನಿ. 2018ರ ನವೆಂಬರ್ 24ರಂದು ಇದೇ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಒಂದು ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಹೋದರು, ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ಅದೇ ದಿನ ರಾತ್ರಿ ಅಂಬರೀಶಣ್ಣ ತೀರ್ಕೊಂಡ ಸುದ್ದಿ ಬಂತು. ಮಂಡ್ಯ ಜಿಲ್ಲೆಯಲ್ಲಿ ಆ ದಿನ ಎಲ್ಲಿದ್ದೆ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಆಮೇಲೆ 2023ರ ನವೆಂಬರ್ 7ರಂದು ಬನಘಟ್ಟದ ಹತ್ರ ಕಾರು ನಾಲೆಗೆ ಬಿದ್ದು ಐದು ಜನ ಸತ್ತರು.

ತಡೆಗೋಡೆ ಇಲ್ಲದ ನಾಲೆ ಏರಿ ಮೇಲೆ ಗಂಟೆಗೆ 80 ಕಿಲೋಮೀಟರಲ್ಲಿ ಹೋಗ್ತಿದ್ರೆ ಒಂದು ಸೆಕೆಂಡಿಗೆ 22 ಮೀಟರ್ ದಾಟಿರ್ತೀರಾ. ಇನ್ನೊಂದು ಲೆಕ್ಕ: 60ರಲ್ಲಿ ಹೋಗೋ ಕಾರು ಬ್ರೇಕ್ ಒತ್ತಿದ ಮೇಲೆ ಎಷ್ಟು ದೂರದಲ್ಲಿ ನಿಲ್ಲುತ್ತೋ, 80ರಲ್ಲಿ ಅದರ ಹೆಚ್ಚೂಕಮ್ಮಿ 1.8ರಷ್ಟು ದೂರ ಬೇಕು. ಸ್ಪೀಡು ಏರಿದ್ದು ಮೂರನೇ ಒಂದು ಭಾಗ, ನಿಲ್ಲೋ ದೂರ ಏರಿದ್ದು ಮುಕ್ಕಾಲು ಭಾಗಕ್ಕೂ ಜಾಸ್ತಿ. ರೀಮ್ಯಾಪ್ ಅಂದ್ರೆ ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ತಿದ್ದಿ ಪವರ್ ಜಾಸ್ತಿ ಮಾಡೋದು. ಬ್ರೇಕ್, ಟೈರ್, ರಸ್ತೆ ಇದ್ದಹಾಗೇ ಇರುತ್ತೆ. ಆ ದುಡ್ಡಿದ್ರೆ ನಾಲ್ಕು ಒಳ್ಳೆ ಟೈರು ಬರುತ್ತೆ.

ನಮ್ಮಪ್ಪನಿಗೆ ಟರ್ಬೋ ಗೊತ್ತಿಲ್ಲ, ಎತ್ತು ಗೊತ್ತು. ಅವರ ಮಾತು: "ಸಂತೆಯಿಂದ ಎತ್ತು ತಂದ್ರೆ ಮೊದ್ಲು ಮೂಗುದಾರ ನೋಡ್ಬೇಕು ಕಣ್ಲಾ, ಕೊಂಬಿಗೆ ಬಣ್ಣ ಆಮೇಕೆ." ಸರಿ, ಮೂಗುದಾರದಿಂದಲೇ ಶುರು ಮಾಡೋಣ.

ಇದು ಆರ್‌ಎಸ್ ಇಟ್ಟುಕೊಂಡವರು, ತಗೋಬೇಕು ಅಂತಿರೋರು ಕಿವಿಗೊಟ್ಟು ಕೇಳಬೇಕಾದ ಭಾಗ. ಬ್ರೇಕ್ ಪೆಡಲ್ ಒತ್ತಿದಾಗ ನಿಮ್ಮ ಕಾಲಿನ ಶಕ್ತಿ ಒಂದೇ ಕೆಲಸ ಮಾಡಲ್ಲ. ಹಿಂದೆ ಬೂಸ್ಟರ್ ಅಂತ ಒಂದು ದುಂಡನೆ ಡಬ್ಬಿ ಇರುತ್ತೆ. ಎಳನೀರಿಗೆ ಸ್ಟ್ರಾ ಹಾಕಿ ಹೀರಿದಾಗ ಬಾಯೊಳಗೆ ಒಂದು ಸೆಳೆತ ಹುಟ್ಟುತ್ತಲ್ಲ, ಅದೇ ಥರದ ಸೆಳೆತ ಆ ಡಬ್ಬಿಯೊಳಗೆ ಇರುತ್ತೆ, ಅದೇ ಕಾಲಿಗೆ ಸಹಾಯ ಮಾಡೋದು. ವ್ಯಾಕ್ಯೂಮ್ ಅಂತೀವಿ. ಮಾಮೂಲಿ ಪೆಟ್ರೋಲ್ ಇಂಜಿನ್ ಗಾಳಿ ಎಳ್ಕೊಳ್ಳುವಾಗ ಈ ಸೆಳೆತ ತಾನಾಗೇ ಸಿಗುತ್ತೆ. ಟರ್ಬೋ ಇಂಜಿನ್ ಹಾಗಲ್ಲ. ಟರ್ಬೋ ಗಾಳಿನ ಒಳಗೆ ತಳ್ಳುವಾಗ ಆ ಜಾಗದಲ್ಲಿ ಸೆಳೆತ ಇರಲ್ಲ, ಒತ್ತಡ ಇರುತ್ತೆ. ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಇಟ್ಟಿರ್ತಾರೆ.

2023ರ ಏಪ್ರಿಲ್‌ನಲ್ಲಿ ಮಾರುತಿಯವರು 7,213 ಬಲೆನೊ ಆರ್‌ಎಸ್ ಕಾರುಗಳನ್ನ ವಾಪಸ್ ಕರೆದಿದ್ದು ಈ ಪಂಪ್‌ಗೋಸ್ಕರ. 2016ರ ಅಕ್ಟೋಬರ್ 27ರಿಂದ 2019ರ ನವೆಂಬರ್ 1ರ ನಡುವೆ ತಯಾರಾದ ಗಾಡಿಗಳು. ಪಂಪ್‌ನಲ್ಲಿ ದೋಷ ಇರಬಹುದು, ಇದ್ದರೆ ಪೆಡಲ್ ಜಾಸ್ತಿ ಬಲ ಹಾಕಿ ಒತ್ತಬೇಕಾಗಬಹುದು, ಪಾರ್ಟ್ ಉಚಿತವಾಗಿ ಬದಲಾಯಿಸ್ತೀವಿ ಅಂತ ಕಂಪನಿನೇ ಹೇಳಿತು.

ಇಲ್ಲಿ ಸೆಕೆಂಡ್ ಹ್ಯಾಂಡ್ ಸಮಸ್ಯೆ ನೋಡಿ. ಇಂಥ ರೀಕಾಲ್ ಕರೆ ಹೋಗೋದು ಸರ್ವಿಸ್ ಸೆಂಟರ್‌ನ ದಾಖಲೆಯಲ್ಲಿರೋ ಫೋನ್ ನಂಬರಿಗೆ. ಕಾರು ಎರಡು ಕೈ ಬದಲಾಗಿದ್ರೆ ಆ ಫೋನ್ ಯಾರದ್ದೋ ಆಗಿರುತ್ತೆ. ಅವರು "ಕಾರು ಮಾರಿಬಿಟ್ಟೆ" ಅಂತ ಇಟ್ಟುಬಿಡ್ತಾರೆ, ಕತೆ ಮುಗೀತು. ಈಗ ಕಾರು ಓಡಿಸ್ತಿರೋನಿಗೆ ಸುದ್ದಿನೇ ಇಲ್ಲ. ಅದಕ್ಕೆ ಆರ್‌ಸಿಯಲ್ಲಿರೋ ಚಾಸಿ ನಂಬರ್ ಹಿಡ್ಕೊಂಡು ಕಂಪನಿ ವೆಬ್‌ಸೈಟಲ್ಲೋ ಸರ್ವಿಸ್ ಸೆಂಟರಲ್ಲೋ ನೀವೇ ವಿಚಾರಿಸಬೇಕು. ಐದು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ನಾನು ಪಂಪ್ ಕೆಲಸದ ಜಾಬ್ ಕಾರ್ಡ್ ಕೈಗೆ ಬಂದ ಮೇಲೇ ಅಡ್ವಾನ್ಸ್ ಕೊಟ್ಟಿದ್ದು. ಮಾರೋರಿಗೆ ಸ್ವಲ್ಪ ಬೇಜಾರಾಯ್ತು. ಆಗ್ಲಿ ಬಿಡಿ. ವೋಚರ್ ಇಲ್ಲದ ಎಂಟ್ರಿ ನಂಬಬೇಡ ಅಂತ ಮೂರು ವರ್ಷ ಓದಿಸಿದ್ದಾರೆ.

ಯಾವುದೇ ಕಾರಿರಲಿ, ಬೂಸ್ಟರ್ ಕೆಲಸ ಮಾಡ್ತಿದೆಯಾ ಅಂತ ಮನೇಲೇ ನೋಡಬಹುದು. ಸಮತಟ್ಟು ಜಾಗ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಇಂಜಿನ್ ಆಫ್. ಪೆಡಲ್‌ನ ನಾಲ್ಕೈದು ಸಲ ಒತ್ತಿ. ಒತ್ತುತ್ತಾ ಒತ್ತುತ್ತಾ ಗಟ್ಟಿ ಆಗುತ್ತೆ. ಈಗ ಕಾಲು ತೆಗೀದೆ, ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಬೇಕು. ಇಳಿದ್ರೆ ಬೂಸ್ಟರಿಗೆ ಸೆಳೆತ ಸಿಗ್ತಿದೆ. ಕಲ್ಲಿನ ಥರ ಅಲ್ಲೇ ನಿಂತ್ರೆ ಏನೋ ಕೆಟ್ಟಿದೆ. ಆಮೇಲೆ ಒಂದೆರಡು ನಿಮಿಷ ಓಡಿಸಿ ಆಫ್ ಮಾಡಿ, ನಿಧಾನಕ್ಕೆ ಮೂರು ಸಲ ಒತ್ತಿ. ಮೊದಲನೇ ಸಲ ಆಳಕ್ಕೆ ಹೋಗಿ ಮುಂದಿನದ್ದು ಒಂದೊಂದಾಗಿ ಮೇಲೆ ನಿಂತ್ರೆ ಸರಿ. ಮೊದಲನೇ ಒತ್ತಿಗೇ ಗಟ್ಟಿ ಅನ್ನಿಸಿದ್ರೆ ಎಲ್ಲೋ ಲೀಕ್ ಇದೆ. ಆಗ ಕಾರನ್ನ ನೀವೇ ಓಡಿಸ್ಕೊಂಡು ಗ್ಯಾರೇಜಿಗೆ ಹೋಗಬೇಡಿ, ಫೋನ್ ಮಾಡಿ ಕರೆಸಿ.

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ಹೊಸ ಡಾಟ್ 4 ಆಯಿಲ್ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು, ತೇವ ಸೇರಿದ್ದಕ್ಕೆ ಇರೋ ಕನಿಷ್ಠ ಮಿತಿ 155. ಮೇಲುಕೋಟೆ ಬೆಟ್ಟ ಇಳಿಯುವಾಗ ಗೇರ್ ಇಳಿಸದೆ ಬರೀ ಬ್ರೇಕ್ ಮೇಲೇ ಬಂದ್ರೆ ಡಿಸ್ಕ್ ಕಾದು, ಆ ಬಿಸಿ ಆಯಿಲ್‌ಗೆ ಹೋಗುತ್ತೆ. ಕುದ್ದರೆ ಗುಳ್ಳೆ, ಗುಳ್ಳೆ ಬಂದ್ರೆ ಪೆಡಲ್ ಸ್ಪಂಜು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಇದನ್ನ ನಾನು ಮನೇಲಿ ಮಾಡಲ್ಲ. ಲೈನೊಳಗೆ ಗಾಳಿ ಸೇರಿದ್ರೆ ಕಷ್ಟ. ಪಾಂಡವಪುರದಲ್ಲಿ ಗೊತ್ತಿರೋ ಅಣ್ಣ ಒಬ್ಬರು ಮಾಡಿಕೊಡ್ತಾರೆ. ಸೀಲ್ ಒಡೆಯದ ಬಾಟಲ್ ನಾನೇ ತಗೊಂಡು ಹೋಗಿ ಪಕ್ಕದಲ್ಲೇ ನಿಂತಿರ್ತೀನಿ. ಮನೇಲಿ ಮಾಡೋದು ಲೆವೆಲ್ ನೋಡೋದಷ್ಟೇ. ಲೆವೆಲ್ ಇಳಿದಿದ್ರೆ ಸುಮ್ನೆ ತುಂಬಿಸಬೇಡಿ. ಒಂದೋ ಪ್ಯಾಡ್ ಸವೆದಿದೆ, ಇಲ್ಲಾ ಸೋರ್ತಿದೆ. ತುಂಬಿಸಿಬಿಟ್ರೆ ಆ ಸುಳಿವೇ ಮುಚ್ಚಿಹೋಗುತ್ತೆ. ಪ್ಯಾಡ್ ನೋಡೋಕೆ ಚಕ್ರ ಬಿಚ್ಚಬೇಕಿಲ್ಲ, ಅಲಾಯ್ ಸಂದಿಯಿಂದ ಮೊಬೈಲ್ ಟಾರ್ಚ್ ಬಿಡಿ. 3 ಮಿಲಿಮೀಟರಿಗೆ ಬಂದಿದ್ರೆ ಬದಲಾಯಿಸೋ ಟೈಮ್.

ಟೈರ್. ಈ ಕಾರಿಗೆ 195/55 ಆರ್16 ಸೈಜು, ಅಂದ್ರೆ ಪಕ್ಕದ ಗೋಡೆ ಗಿಡ್ಡ. ಹೈವೇನಲ್ಲಿ ಚೆಂದ, ನಮ್ಮ ಹಳ್ಳದ ರಸ್ತೆಗೆ ಕಷ್ಟ. ಗುಂಡಿಗೆ ಜೋರಾಗಿ ಇಳಿದ್ರೆ ಪಕ್ಕದಲ್ಲಿ ಬೊಬ್ಬೆ ಥರ ಉಬ್ಬುತ್ತೆ. ಉಬ್ಬಿದ ಟೈರಿಗೆ ರಿಪೇರಿ ಅನ್ನೋದೇ ಇಲ್ಲ, ತೆಗೆದು ಹಾಕೋದೇ. ಗದ್ದೆ ದಾರಿಗೆ ಇಳಿಸಿದ್ರೆ ಕಬ್ಬಿನ ಕೂಳೆ ಬೇರೆ, ಚಾಕು ಇದ್ದಂಗೆ ಇರುತ್ತೆ. ತಿಂಗಳಿಗೊಮ್ಮೆ ನಾಲ್ಕೂ ಟೈರಿನ ಒಳಗಿನ ಮಗ್ಗುಲಿಗೂ ಕೈ ಆಡಿಸಿ ನೋಡಿ. ಟೈರ್ ಮೇಲೆ ಡಾಟ್ ಅಂತ ಬರೆದಿರೋ ಸಾಲಿನ ಕೊನೇ ನಾಲ್ಕು ಅಂಕಿ ನೋಡಿ. 2319 ಅಂತಿದ್ರೆ 2019ರ 23ನೇ ವಾರ ಹುಟ್ಟಿದ ಟೈರು. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಸ್ವಂತಕ್ಕೆ ಒಂದು ಗೇಜ್ ಇಟ್ಕೊಳ್ಳಿ, ಬಂಕಿನ ಮೀಟರ್ ಒಂದೊಂದು ಒಂದೊಂದು ಹೇಳುತ್ತೆ.

ರಸ್ತೆ ಅಂದ ತಕ್ಷಣ ಒಕ್ಕಣೆ ನೆನಪಾಯ್ತು. ಸುಗ್ಗಿ ಟೈಮಲ್ಲಿ ಹುರುಳಿ, ರಾಗಿ ತಂದು ರಸ್ತೆಗೇ ಹರಡ್ತಾರೆ. ಗಾಡಿಗಳು ಹತ್ತಿ ಹೋದ್ರೆ ಕಾಳು ಉದುರುತ್ತೆ ಅಂತ. ನಮ್ಮ ಮನೆಯವರೂ ಹರಡಿದ್ದಾರೆ, ಬೈಯ್ಯೋಕೆ ನನಗೆ ಬಾಯಿಲ್ಲ. ಆದ್ರೆ ಅದರ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ಜಾರುತ್ತೆ. ಇನ್ನೊಂದು, ಆ ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಳ್ಳುತ್ತೆ. ಸೈಲೆನ್ಸರ್ ಪೈಪು ಕೆಂಡದಂಗೆ ಕಾದಿರುತ್ತೆ, ಒಣ ಸೊಪ್ಪು ಹತ್ತಿಕೊಳ್ಳೋಕೆ ಅಷ್ಟು ಸಾಕು. ಹುರುಳಿ ಮೇಲೆ ಹೋಗಿದ್ರೆ ಮುಂದೆ ಒಂದು ಕಡೆ ನಿಲ್ಲಿಸಿ, ಬಗ್ಗಿ ತಳ ನೋಡಿ. ಬರಿಗೈ ಹಾಕಬೇಡಿ, ಒಂದು ಕೋಲಲ್ಲಿ ಎಳೀರಿ.

ಇನ್ನು ನಮ್ಮ ಊರಿನ ಪರಮ ಶತ್ರು: ಇಲಿ. ಕಬ್ಬು ಕಡಿದು ಗದ್ದೆ ಬಯಲಾದ ವಾರದಿಂದ ಶುರು. ಅಲ್ಲಿ ಮನೆ ಕಳ್ಕೊಂಡ ಇಲಿಗೆ ಬೆಚ್ಚಗಿರೋ ಇಂಜಿನ್‌ಗಿಂತ ಒಳ್ಳೆ ಬಾಡಿಗೆ ಮನೆ ಇಲ್ಲ, ಅಡ್ವಾನ್ಸೂ ಕೇಳಲ್ಲ. ನನ್ನ ಕಾರಲ್ಲಿ ಬಾನೆಟ್ ಒಳಗಿನ ಹತ್ತಿಯಂಥ ಹೊದಿಕೆ ಕಿತ್ತು ಗೂಡು ಕಟ್ಟಿತ್ತು, ಒಂದು ಸೆನ್ಸರ್ ವೈರ್ ಕಡಿದಿತ್ತು. ಡ್ಯಾಶ್‌ಬೋರ್ಡಲ್ಲಿ ಹಳದಿ ಇಂಜಿನ್ ಲೈಟು. ನುಸಿ ಗುಳಿಗೆ ಇಟ್ಟೆ, ಒಂದು ವಾರ ಸುಮ್ಮನಿತ್ತು. ನಮ್ಮವ್ವ ಹೊಗೆಸೊಪ್ಪು ಕಟ್ಟು ಅಂದ್ರು, ಕಟ್ಟಿದೆ, ಅದೂ ಒಂದು ವಾರ. ಆಮೇಲೆ ಇಲಿಗೆ ಅಭ್ಯಾಸ ಆಗುತ್ತೋ ಏನೋ. ನಿಜವಾಗಿ ಕೆಲಸ ಮಾಡಿದ್ದು ಎರಡೇ. ಒಂದು, ಎರಡು ದಿನಕ್ಕಿಂತ ಜಾಸ್ತಿ ಕಾರು ಒಂದೇ ಕಡೆ ನಿಲ್ಲಿಸದೇ ಇರೋದು. ಇನ್ನೊಂದು, ರಾತ್ರಿ ಕೊಟ್ಟಿಗೆ ಪಕ್ಕ ನಿಲ್ಲಿಸಿ ಬಾನೆಟ್ ಎತ್ತಿ ಇಡೋದು. ಬೆಳಕು, ಗಾಳಿ ಆಡೋ ಜಾಗ ಇಲಿಗೆ ಇಷ್ಟ ಆಗಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲು ಹಿಕ್ಕೆ ಬಿದ್ದಿದೆಯಾ ಅಂತ ಒಂದು ಕಣ್ಣು ಹಾಯಿಸಿ.

ಕಡಿದ ವೈರನ್ನ ತಿರುಚಿ ಟೇಪ್ ಸುತ್ತಿದ್ರೆ ಮಳೆಗಾಲದಲ್ಲಿ ಮತ್ತೆ ಕೈ ಕೊಡುತ್ತೆ. ಬ್ಯಾಟರಿ ನೆಗೆಟಿವ್ ತೆಗೆದು, ಬೆಸುಗೆ ಹಾಕಿ, ಬಿಸಿ ಮಾಡಿದ್ರೆ ಬಿಗಿಯಾಗೋ ಸ್ಲೀವ್ ಹಾಕಬೇಕು. ಸಾಮಾನ್ಯ ವೈರಾದ್ರೆ ಅಷ್ಟು ನೀವೇ ಮಾಡಬಹುದು. ಹಳದಿ ಬಣ್ಣದ ವೈರ್, ಹಳದಿ ಕನೆಕ್ಟರ್ ಕಂಡ್ರೆ ಮಾತ್ರ ಮುಟ್ಟಬೇಡಿ, ಅದು ಏರ್‌ಬ್ಯಾಗ್‌ದು. ಎಬಿಎಸ್ ಸೆನ್ಸರ್ ವೈರೂ ಗ್ಯಾರೇಜಿಗೇ ಬಿಡಿ.

ಧೂಳು, ನೀರು ಬೇಗ ಮುಗಿಸ್ತೀನಿ. ಕಬ್ಬಿನ ಲಾರಿ, ಟ್ರ್ಯಾಕ್ಟರ್ ಹಿಂದೆ ದಿನಾ ಹೋಗೋ ಕಾರಿನ ಏರ್ ಫಿಲ್ಟರ್, ಪುಸ್ತಕದಲ್ಲಿ ಹೇಳಿರೋದಕ್ಕಿಂತ ಬೇಗ ತುಂಬುತ್ತೆ. ತೆಗೆದು ಬಿಸಿಲಿಗೆ ಹಿಡಿದು ನೋಡಿ, ಬೆಳಕು ಕಾಣ್ಲಿಲ್ಲ ಅಂದ್ರೆ ಹೊಸದು. ಪೇಪರ್ ಫಿಲ್ಟರ್ ತೊಳೆಯೋ ಬುದ್ಧಿವಂತಿಕೆ ಬೇಡ. ಕೂಲೆಂಟ್ ಕಮ್ಮಿ ಆಯ್ತು ಅಂತ ಬೋರ್‌ವೆಲ್ ನೀರು ಹಾಕೋದೂ ಬೇಡ. ನಮ್ಮ ನೀರು ಕಾಯಿಸೋ ಹಂಡೆ ತಳದಲ್ಲಿ ಬಿಳಿ ಪೊರೆ ಕಟ್ಟಿರುತ್ತಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟೋದು. ಕಂಪನಿ ಹೇಳಿದ ಕೂಲೆಂಟ್ ಒಂದು ಬಾಟಲ್ ಮನೇಲಿಟ್ಟಿರಿ. ಬಿಸಿ ಇರುವಾಗ ಮುಚ್ಚಳ ತೆಗೀಬೇಡಿ.

ಟರ್ಬೋ ಒಳಗಿನ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತೆ, ಅದಕ್ಕೆ ಆಸರೆ ತೆಳ್ಳಗಿನ ಆಯಿಲ್ ಪದರ ಅಷ್ಟೇ. ಹಾಗಾಗಿ ಆಯಿಲ್‌ನಲ್ಲಿ ಜಿಪುಣತನ ಮಾಡಿದ್ರೆ ಉಳಿಸಿದ ಸಾವಿರಕ್ಕೆ ಹತ್ತಾರು ಸಾವಿರ ತೆರಬೇಕು. ಪುಸ್ತಕ ಹೇಳೋ ಗ್ರೇಡೇ ಹಾಕಿ. ಸ್ಟಾರ್ಟ್ ಮಾಡಿದ ತಕ್ಷಣ ರೈಸ್ ಮಾಡಬೇಡಿ, ಮನೆ ಹತ್ರ ಬರುವಾಗ ಕೊನೇ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಬನ್ನಿ. ಆಯಿಲ್ ಬದಲಾಯಿಸೋದು ನಾನು ಮನೇಲೇ ಮಾಡ್ತೀನಿ. ಒಂದು ಷರತ್ತು: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕೋ ಹಾಗಿಲ್ಲ. ಎರಡು ಜಾಕ್ ಸ್ಟ್ಯಾಂಡ್, ಮಣ್ಣಿನ ನೆಲ ಆದ್ರೆ ಅದರ ಕೆಳಗೆ ದಪ್ಪ ಹಲಗೆ. ಸುತ್ತ ಮಕ್ಕಳು ಇರಬಾರದು. ಹಳೇ ಆಯಿಲ್‌ನ ನಾಲೆಗೋ ಕೆರೆ ಏರಿಗೋ ಚೆಲ್ಲಬೇಡಿ, ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅವರು ತಗೋತಾರೆ.

ನಾನು ಮುಟ್ಟದೇ ಇರೋ ಇನ್ನೊಂದು ಜಾಗ ಪೆಟ್ರೋಲ್ ಲೈನ್. ಇದು ಡೈರೆಕ್ಟ್ ಇಂಜೆಕ್ಷನ್ ಇಂಜಿನ್. ನಿಮ್ಮ ಟೈರೊಳಗೆ ಎರಡು ಬಾರ್ ಚಿಲ್ಲರೆ ಒತ್ತಡ ಇದ್ರೆ, ಇಂಥ ಇಂಜಿನ್‌ನ ಇಂಜೆಕ್ಟರಿಗೆ ಹೋಗೋ ಪೈಪಲ್ಲಿ ನೂರು ಬಾರ್‌ಗೂ ಮೇಲೆ ಏರುತ್ತೆ. ಯೂಟ್ಯೂಬ್ ವಿಡಿಯೋದಲ್ಲಿ ಸಲೀಸಾಗಿ ಕಾಣುತ್ತೆ. ಸ್ಪಾನರ್ ಜಾರಿದ್ರೆ ಆ ಪೆಟ್ರೋಲ್ ಚರ್ಮ ಸೀಳಿ ಒಳಗೆ ಹೋಗುತ್ತೆ.

ರೀಮ್ಯಾಪ್‌ಗೆ ಕಾನೂನಿನ ಕಡೆಯಿಂದಲೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಗಾಡಿಯ ಮೂಲ ವಿವರ ಬದಲಾಗೋ ಹಾಗೆ ಮಾರ್ಪಾಡು ಮಾಡೋಂಗಿಲ್ಲ. 2019ರ ತಿದ್ದುಪಡಿ ಆದ್ಮೇಲೆ ಓನರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದಕ್ಕಿಂತ ನನಗೆ ಭಯ ಇನ್ಶೂರೆನ್ಸ್‌ದು. ಅಪಘಾತ ಆದ್ಮೇಲೆ ಸರ್ವೇಯರ್ ಬಂದು, ಹೇಳದೇ ಮಾಡಿಸಿದ ಬದಲಾವಣೆ ಕಂಡುಹಿಡಿದ್ರೆ ಕ್ಲೇಮ್ ತಿರಸ್ಕರಿಸೋಕೆ ಅವರಿಗೆ ಅದೇ ನೆಪ ಸಾಕು. ವರ್ಷ ವರ್ಷ ಪ್ರೀಮಿಯಂ ಕಟ್ಟಿ, ಬೇಕಾದ ದಿನ ಸೊನ್ನೆ.

ಕೊನೇದಾಗಿ ಕೆ.ಆರ್.ಪೇಟೆಯಿಂದ ಒಬ್ಬರು ಕೇಳಿರೋ ಪ್ರಶ್ನೆ: 20 ಪರ್ಸೆಂಟ್ ಎಥನಾಲ್ ಪೆಟ್ರೋಲ್ ಹಾಕಿದ್ರೆ ಹಳೇ ಆರ್‌ಎಸ್‌ಗೆ ಏನಾಗುತ್ತೆ? ಮಂಡ್ಯದವರಿಗೆ ಇದು ಇಕ್ಕಟ್ಟಿನ ಪ್ರಶ್ನೆ. ಎಥನಾಲ್ ನಮ್ಮ ಕಬ್ಬಿಂದಲೂ ಬರುತ್ತೆ. ಗದ್ದೆಯಲ್ಲಿ ಕಬ್ಬು ಇರೋರು ಬಂಕಲ್ಲಿ ಬೈಯ್ಯೋದು ಹೇಗೆ? ಎಥನಾಲ್‌ನಲ್ಲಿ ಲೀಟರಿಗೆ ಇರೋ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ, ಆದ್ದರಿಂದ ಮೈಲೇಜು ಸ್ವಲ್ಪ ಇಳಿಯುತ್ತೆ. ಈ ಕಾರು ಬಂದ ಕಾಲದಲ್ಲಿ 20 ಪರ್ಸೆಂಟ್ ಇರಲಿಲ್ಲ. ಹಾಗಾಗಿ ಪೆಟ್ರೋಲ್ ಹೋಗೋ ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಡಿ. ರಾತ್ರಿಯೆಲ್ಲ ನಿಂತ ಕಾರಿನ ಬಾನೆಟ್ ಬೆಳಿಗ್ಗೆ ಎತ್ತಿದಾಗ ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡಬೇಡಿ. ಪೈಪ್ ಬಿರುಕು ಬಿಟ್ಟಿರಬಹುದು, ಮೊದಲು ಗ್ಯಾರೇಜಿನವರನ್ನ ಕರೆಸಿ. ತಿಂಗಳುಗಟ್ಟಲೆ ಕಾರು ನಿಲ್ಲಿಸಿಡೋ ಹಾಗಿದ್ರೆ ಒಂದು ವಿಷಯ ನೆನಪಿರಲಿ: ಎಥನಾಲೂ ಬ್ರೇಕ್ ಆಯಿಲ್ ಥರಾನೇ ತೇವ ಎಳ್ಕೊಳ್ಳುತ್ತೆ.

ಆರ್‌ಎಸ್ ಇರೋರು ಆ ಚಾಸಿ ನಂಬರ್ ಚೆಕ್ ಮಾಡಿ, ಪಟ್ಟಿಯಲ್ಲಿ ಬಂತಾ ಇಲ್ವಾ ಅಂತ ನನಗೊಂದು ಮೆಸೇಜ್ ಹಾಕಿ. ನಂಬರ್ ಕಳಿಸಬೇಡಿ, ಬಂತು ಅಥವಾ ಇಲ್ಲ ಅಂದ್ರೆ ಸಾಕು. ಮುಂದಿನ ವಾರ ಸಿಗೋಣ.